ನಲವತ್ತೊಂದಕ್ಕೆ ನಲವತ್ತೊಂದು

ನಲವತ್ತೊಂದಕ್ಕೆ ನಲವತ್ತೊಂದು — ಮೊಮ್ಮಗಳ ಶಾಲೆಯ ಗೋಡೆಯ ಹಸಿರು ಬಣ್ಣ ಎದೆಮಟ್ಟಕ್ಕೆ ಬಂದು ನಿಂತು ಅಲ್ಲಿಂದ ಮೇಲಕ್ಕೆ ಬಿಳುಪು ಆರಂಭವಾಗುವ ಆ ಗೆರೆಯನ್ನು ಕಂಡೊಡನೆ ಸಂಖ್ಯೆ ತಾನಾಗಿ ನಾಲಗೆಯ ತುದಿಗೆ ಬಂದು ಕೂತಿತು, ಏಕೆಂದರೆ ನನ್ನ ಶಾಲೆಯ ಗೋಡೆಗೂ ಇದೇ ಹಸಿರು, ಮಕ್ಕಳ ಕೊಳೆಗೈ ಎಲ್ಲಿಯವರೆಗೆ ಏರಬಹುದೋ ಅಲ್ಲಿಯವರೆಗೆ ಬಣ್ಣ, ಅದರಾಚೆ ಸುಣ್ಣ, ಸುಣ್ಣದ ಮೇಲೆ ತಗಡಿನ ಹಲಗೆ, ಹಲಗೆಯ ಮೇಲೆ ನಾನೇ ಕುಂಚ ಹಿಡಿದು ಬರೆದದ್ದು: ಪರೀಕ್ಷೆಗೆ ಕುಳಿತವರು ನಲವತ್ತೊಂದು, ತೇರ್ಗಡೆಯಾದವರು ನಲವತ್ತೊಂದು. ಮೂವತ್ತೆಂಟು ವರ್ಷವಾಯಿತು. ಅದಕ್ಕೆ ಹಿಂದಿನ ವರ್ಷ ಪಾಸಾದವರು ಒಂಬತ್ತು ಮಂದಿ, ಅದಕ್ಕೂ ಹಿಂದಿನ ವರ್ಷ ಏಳು, ಇಲಾಖೆಯ ಮೇಲಧಿಕಾರಿ ಬಂದು ಈ ಶಾಲೆಗೆ ಬೀಗ ಹಾಕುವುದೇ ವಾಸಿ ಎಂದು ಎಲ್ಲರೆದುರು ನುಡಿದುಹೋಗಿದ್ದ, ಆ ಮಾತನ್ನು ನುಂಗಿಕೊಂಡು ಒಂದು ವರ್ಷ ಬೆಳಗಿನ ಗಂಟೆ ಬಾರಿಸುವ ಒಂದೂವರೆ ತಾಸು ಮೊದಲೇ ತರಗತಿ ತೆರೆದೆ, ಒಬ್ಬೊಬ್ಬರ ವಾಕ್ಯವನ್ನೂ ಬಿಚ್ಚಿ, ತೊಳೆದು, ಮತ್ತೆ ಹೊಲಿದೆ, ಗಂಟಲು ಬಿದ್ದುಹೋಗಿ ಎರಡು ತಿಂಗಳು ಕಪ್ಪುಹಲಗೆಯ ಮೇಲೆ ಬರೆದೇ ಪಾಠ ಹೇಳಿದೆ, ಫಲಿತಾಂಶ ಬಂದ ದಿನ ಅದೇ ಅಧಿಕಾರಿ ನನ್ನ ಕೈಯನ್ನು ಎರಡೂ ಕೈಗಳಿಂದ ಹಿಡಿದು ಅಲುಗಾಡಿಸಿದ, ಪತ್ರಿಕೆಯಲ್ಲಿ ಎರಡು ಅಂಗುಲದ ಸುದ್ದಿ, ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದೇನೆ, ಬಂದವರೆಲ್ಲ ಓದಲೇಬೇಕು, ಓದದಿದ್ದವರಿಗೆ ನಾನೇ ಹೇಳುತ್ತೇನೆ. ಆದರೆ ಇವತ್ತು ನನ್ನ ಮೊಣಕಾಲು ಎದೆಗೆ ತಾಗುವಷ್ಟು ತಗ್ಗಾದ ಈ ಮಕ್ಕಳ ಬೆಂಚಿನ ಮೇಲೆ ಕುಳಿತು ಅದನ್ನು ನೆನೆಯುತ್ತಿರುವಾಗ ಹೆಮ್ಮೆಯ ಬದಲು ಕಿವಿಯ ತುದಿ ಬಿಸಿಯಾಗುತ್ತಿದೆ, ಪಕ್ಕದಲ್ಲಿ ಮೊಮ್ಮಗಳು, ಹನ್ನೊಂದು ವರ್ಷದವಳು, ಬೂಟಿನ ತುದಿಯಿಂದ ನೆಲದ ಮೇಲೆ ಏನೋ ಗೀಚುತ್ತಿದ್ದಾಳೆ, ಆಚೆ ಬದಿಗೆ ಮಗಳು, ಪ್ರಯೋಗಾಲಯದ ಬಿಳಿ ನಿಲುವಂಗಿಯನ್ನು ಕಳಚಲೂ ಪುರುಸೊತ್ತಿಲ್ಲದೆ ನೇರ ಕೆಲಸದಿಂದ ಬಂದವಳು, ಅಪ್ಪ ನೀವು ಬಂದದ್ದು ಎಷ್ಟು ಒಳ್ಳೇದಾಯ್ತು ಗೊತ್ತಾ, ನಿಮ್ಮ ಮಾತಿಗೆ ಇಲ್ಲಿ ಬೆಲೆ ಇದೆ, ನೀವು ಹೇಳಿದ್ರೆ ಕೇಳ್ತಾರೆ — ಈ ಮಾತನ್ನು ಬಂದಾಗಿನಿಂದ ಮೂರನೆಯ ಸಲ ಹೇಳುತ್ತಿದ್ದಾಳೆ, ಮೂರನೆಯ ಸಲವೂ ನಾನು ಹೂಂ ಎಂದೆ.

ಅವಳಿಗೆ ಗೊತ್ತಿಲ್ಲ. ಹೂಂ ಎಂದವನೇ ನಮ್ಮನ್ನು ಇಲ್ಲಿಗೆ ಎಳೆತಂದ ಆ ಪತ್ರ ಬರೆದವನು ಎಂಬುದು ನನಗೂ ಅಂಚೆಪೆಟ್ಟಿಗೆಗೂ ಬಿಟ್ಟರೆ ಬೇರಾರಿಗೂ ಗೊತ್ತಿಲ್ಲ. ಮೊಮ್ಮಗಳಿಗೆ ಅಕ್ಷರಗಳು ನಿಲ್ಲುವುದಿಲ್ಲ, ಸಾಲಿನಲ್ಲಿ ಇರುವೆಗಳ ಹಾಗೆ ಓಡಾಡುತ್ತವೆ ಅಜ್ಜಾ ಎನ್ನುತ್ತಾಳೆ, ಮೊದಮೊದಲು ನಾನು ಅದನ್ನು ಸೋಮಾರಿತನ ಎಂದೆ, ವೈದ್ಯರು ಅದಕ್ಕೊಂದು ಹೆಸರು ಹೇಳಿದಾಗ ಸೋಮಾರಿತನಕ್ಕೂ ಈಗ ದೊಡ್ಡ ಹೆಸರು ಸಿಕ್ಕಿತಲ್ಲ ಎಂದು ನಕ್ಕೆ, ಮಗಳು ಆ ನಗೆಗೆ ಎರಡು ದಿನ ಮಾತು ಬಿಟ್ಟಿದ್ದಳು. ಆಮೇಲೆ ಶಾಲೆಯ ವಿಶೇಷ ಶಿಕ್ಷಕಿ ಇಂಥ ಮಕ್ಕಳಿಗೆಂದೇ ಒಂದು ಟ್ಯಾಬ್ ತಂದುಕೊಟ್ಟಳು, ಅದರೊಳಗೆ ಕೃತಕ ಬುದ್ಧಿಮತ್ತೆಯಂತೆ, ಪುಟವನ್ನು ತೋರಿಸಿದರೆ ಗಟ್ಟಿಯಾಗಿ ಓದಿ ಹೇಳುತ್ತದೆ, ಮಗು ಹೇಳಿದ್ದನ್ನು ಕೇಳಿ ಬರೆದುಕೊಡುತ್ತದೆ, ಮೊಮ್ಮಗಳು ಅದಕ್ಕೆ ಪಾಟಿ ಎಂದು ಹೆಸರಿಟ್ಟಳು, ನಾನು ಚಿಕ್ಕಂದಿನಲ್ಲಿ ಕಲ್ಲಿನ ಪಾಟಿಯ ಮೇಲೆ ಬರೆಯುತ್ತಿದ್ದೆನೆಂದು ಕೇಳಿದ್ದಳಲ್ಲ, ಹಾಗೆ. ಮೂರು ವಾರದ ಹಿಂದೆ ನಮ್ಮ ಬೀದಿ ಎಂಬ ವಿಷಯದ ಮೇಲೆ ಒಂದು ಪುಟದ ಪ್ರಬಂಧವನ್ನು ತಂದು ನನ್ನ ಮುಂದಿಟ್ಟಳು, ಅಜ್ಜಾ ಓದಿ, ಮುಖದಲ್ಲಿ ಬೆಳಕು. ಓದಿದೆ. ಬೀಗ ರಿಪೇರಿಯವನು ಲೋಕದ ಎಲ್ಲ ಬಾಗಿಲುಗಳನ್ನೂ ತೆರೆಯಬಲ್ಲವನಾಗಿದ್ದರೂ, ತಾನು ಮಾತ್ರ, ಬಾಗಿಲೇ ಇಲ್ಲದ ಅಂಗಡಿಯಲ್ಲಿ, ಬೆಳಗಿನಿಂದ ಸಂಜೆಯವರೆಗೆ ಕುಳಿತಿರುತ್ತಾನೆ — ಈ ವಾಕ್ಯದ ಮುಂದೆ ನಾನು ನಿಂತುಬಿಟ್ಟೆ. ಹದಿನೈದು ವರ್ಷದಿಂದ ಅವನ ಅಂಗಡಿಯ ಮುಂದೆ ಹಾದುಹೋಗುತ್ತಿದ್ದೇನೆ, ಬಾಗಿಲಿಲ್ಲದ್ದನ್ನು ನೋಡಿಯೇ ಇರಲಿಲ್ಲ. ನೋಡಿದ್ದರೂ ಹೀಗೆ ಹೇಳುತ್ತಿದ್ದೆನೇ — ಹೊಟ್ಟೆಯೊಳಗೆ ಏನೋ ಸಣ್ಣಗೆ ಉರಿಯಿತು, ಅದಕ್ಕೆ ಆಗ ನಾನು ಕೊಟ್ಟ ಹೆಸರು ಸತ್ಯನಿಷ್ಠೆ. ಆನೆ ಎಂಬುದನ್ನು ಓದಲು ಐದು ನಿಮಿಷ ತೆಗೆದುಕೊಳ್ಳುವ ಮಗು ಇದನ್ನು ಕಟ್ಟೀತೇ, ಯಂತ್ರ ಬರೆದಿದೆ, ಮಗು ಸುಳ್ಳು ಕಲಿಯುತ್ತಿದೆ. ಓಣಿಯ ಔಷಧಿ ಅಂಗಡಿಯವನ ಫೋನಿನಲ್ಲಿ ಅಂಥದ್ದನ್ನು ಪತ್ತೆಹಚ್ಚುವ ವ್ಯವಸ್ಥೆ ಇತ್ತು, ಪುಟದ ಚಿತ್ರ ತೆಗೆದು ಅದರೊಳಗೆ ಹಾಕಿದ, ಅಯ್ಯೋ ಮೇಷ್ಟ್ರೇ, ತೊಂಬತ್ತೆರಡು ಪರ್ಸೆಂಟ್ ಮಷೀನ್ ಬರ್ದಿದ್ದು ಅಂತಿದೆ, ನಮ್ಮ ಕೆಮ್ಮಿನ ಔಷಧಿಗೂ ಇಷ್ಟು ಗ್ಯಾರಂಟಿ ಕೊಡಲ್ಲ ನಾನು, ಎಂದು ನಕ್ಕ. ನಾನು ನಗಲಿಲ್ಲ, ಮನೆಗೆ ಬಂದು ಮುಖ್ಯೋಪಾಧ್ಯಾಯಿನಿಗೆ ಪತ್ರ ಬರೆದೆ, ಕೆಳಗೆ ಹೆಸರಿನ ಜಾಗದಲ್ಲಿ ಓರ್ವ ಹಿತೈಷಿ ಎಂದು ಹಾಕಿದೆ, ಜೀವಮಾನದಲ್ಲಿ ಹೆಸರಿಲ್ಲದ ಕಾಗದಕ್ಕೆ ನಾನು ಬೆಲೆ ಕೊಟ್ಟವನಲ್ಲ, ಮಕ್ಕಳು ಹಾಗೆ ಚೀಟಿ ಬರೆದಾಗ ಇಡೀ ತರಗತಿಯನ್ನು ನಿಲ್ಲಿಸಿ ಹೇಡಿಗಳು ಎಂದು ಬೈದವನು, ಆದರೂ ಹಾಕಿದೆ. ಮರುವಾರವೇ ಪಾಟಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು, ವಿಚಾರಣೆ ಮುಗಿಯುವವರೆಗೆ ಕೊಡುವಂತಿಲ್ಲ, ಪರೀಕ್ಷೆಗೆ ಇನ್ನು ಇಪ್ಪತ್ತು ದಿನ, ಅದಿಲ್ಲದೆ ಈ ಮಗು ಒಪ್ಪಿಸಬೇಕಾದ್ದು ಖಾಲಿ ಕಾಗದ. ಅದಕ್ಕೇ ಬಂದಿದ್ದೇವೆ ಇವತ್ತು.

ಬನ್ನಿ ಸರ್, ಒಳಗೆ ಬನ್ನಿ, ಎನ್ನುತ್ತಾಳೆ ವಿಶೇಷ ಶಿಕ್ಷಕಿ, ಎದ್ದೇಳಲು ಗೋಡೆ ಹಿಡಿಯಬೇಕಾಯಿತು, ಇಷ್ಟು ಸಣ್ಣ ಹುಡುಗಿ, ನನ್ನ ಮಗಳಿಗಿಂತ ಚಿಕ್ಕವಳು, ಮೇಜಿನ ಮೇಲೆ ಬಣ್ಣದ ಮಣಿಗಳು, ಮರಳು ತುಂಬಿದ ತಟ್ಟೆ, ಅದರಲ್ಲಿ ಯಾವುದೋ ಮಗುವಿನ ಬೆರಳು ತೀಡಿದ ಅರ್ಧ ಅಕ್ಷರ, ಮರಳಿನಲ್ಲಿ ಬೆರಳ ಗುರುತು, ಆ ಗುರುತು ಕಂಡೊಡನೆ ಮನಸ್ಸು ಪಕ್ಕಕ್ಕೆ ಹಾರಿತು, ಅಲ್ಲಿಗೆ ಹೋಗಬಾರದು, ಅತ್ತ ಹೋಗಬಾರದು, ಹಲಗೆಯ ಮೇಲಿನ ಸಂಖ್ಯೆಯನ್ನು ನೆನೆಯುವಾಗೆಲ್ಲ ನಾನು ಎಚ್ಚರದಿಂದ ದಾಟಿಹೋಗುವ ಒಂದು ಬೆರಳಿದೆ. ಶಿಕ್ಷಕಿ ಕಡತ ಬಿಚ್ಚಿದಳು, ಮೊದಲು ಪತ್ರ ಓದಿಬಿಡ್ತೀನಿ, ಮುಚ್ಚುಮರೆ ಬೇಡ, ಎಂದು ಗಂಟಲು ಸರಿಮಾಡಿಕೊಂಡು ಓದತೊಡಗಿದಳು, ಸದರಿ ಪ್ರಬಂಧದ ವಾಕ್ಯಗಳು, ಬಾಲ್ಯಸಹಜವಾದ ತೊದಲನ್ನು ಎಲ್ಲಿಯೂ ತೋರದೆ, ನೋಡುವುದಕ್ಕೆ ಸುಂದರವಾಗಿದ್ದರೂ, ಆ ಸೌಂದರ್ಯವೇ, ವಿವೇಕಿಗಳಾದವರ ಕಣ್ಣಿಗೆ, ಅಪರಾಧದ ಸಾಕ್ಷಿಯಾಗಿ ಕಾಣಿಸದೆ ಇರದು — ಬರೆದ ದಿನ ಈ ವಾಕ್ಯವನ್ನು ಮೂರು ಸಲ ಗಟ್ಟಿಯಾಗಿ ಓದಿಕೊಂಡು ಮೆಚ್ಚಿದ್ದೆ, ದೇವರೇ, ಮೆಚ್ಚಿದ್ದೆ. ಮಗಳ ಮುಖ ಕೆಂಪಾಯಿತು, ಯಾರು ಮೇಡಂ ಈ ಪುಣ್ಯಾತ್ಮರು, ಒಂದು ಮಗುವಿನ ಮೇಲೆ ಇಷ್ಟು ಹೊಟ್ಟೆಕಿಚ್ಚಾ, ಎದುರಿಗೆ ಬಂದು ಹೇಳೋ ಧೈರ್ಯ ಇಲ್ವಾ, ಇವರಿಗೆ ಮನೇಲಿ ಮಕ್ಕಳು ಮರಿ ಇಲ್ವಾ, ಎನ್ನುತ್ತಿದ್ದಾಳೆ, ನಾನು ಮರಳ ತಟ್ಟೆಯನ್ನು ನೋಡುತ್ತಿದ್ದೇನೆ, ಆಗ ಮೊಮ್ಮಗಳು ಕಿಸಕ್ಕನೆ ನಕ್ಕಳು. ಅಮ್ಮಾ, ಇದು ಅಜ್ಜ ಮಾತಾಡೋ ಹಾಗೇ ಇದೆ! ಇನ್ನೊಂದು ಸಲ ಓದಿ ಮಿಸ್, ಆಗಿದ್ದರೂ ಅಂತ ನಿಲ್ಲಿಸ್ತಾರಲ್ಲ, ಅದು ಥೇಟ್ ಅಜ್ಜನೇ. ಹೊಗಳುವ ದನಿ ಅದು, ಸಂತೆಯ ಗದ್ದಲದಲ್ಲಿ ಗುರುತಿನವರ ಧ್ವನಿ ಕೇಳಿದವರ ಖುಷಿ. ಸುಮ್ನಿರೇ, ಎಂದಳು ಮಗಳು, ಅಜ್ಜ ಯಾಕೆ ಬರೀತಾರೆ ಇಂಥದ್ದನ್ನ, ಅಜ್ಜನ ಹತ್ರ ಕ್ಷಮೆ ಕೇಳು. ಸಾರಿ ಅಜ್ಜಾ, ಎಂದಿತು ಮಗು. ಪರವಾಗಿಲ್ಲ ಪುಟ್ಟಾ, ಎಂದೆ ನಾನು. ಪರವಾಗಿಲ್ಲ ಎಂದೆ! ಮಗುವಿನಿಂದ ಕ್ಷಮೆ ಕೇಳಿಸಿಕೊಂಡೆ, ಅದನ್ನು ದೊಡ್ಡ ಮನಸ್ಸಿನಿಂದ ದಯಪಾಲಿಸಿಯೂ ಬಿಟ್ಟೆ, ನೆಲ ಬಾಯಿ ಬಿಡಬಾರದಿತ್ತೇ ಎಂದು ಜನ ಹೇಳುವುದನ್ನು ಬರೀ ಅಲಂಕಾರವೆಂದುಕೊಂಡಿದ್ದೆ, ಕಾಲಡಿಯ ಸಿಮೆಂಟನ್ನು ನಿಜಕ್ಕೂ ನೋಡಿದೆ.

ಈಗ ಇದನ್ನ ಕೇಳಿ, ಎಂದು ಶಿಕ್ಷಕಿ ಕಪಾಟಿನ ಬೀಗ ತೆಗೆದು ಪಾಟಿಯನ್ನು ಮೇಜಿನ ಮೇಲಿಟ್ಟಳು, ಇದರಲ್ಲಿ ಮಗು ಹೇಳಿದ್ದೆಲ್ಲ ಉಳಿದಿರುತ್ತೆ ಸರ್, ಇದಕ್ಕೆ ತಾನಾಗಿ ಒಂದು ವಾಕ್ಯನೂ ಸೇರಿಸೋಕೆ ನಾನು ಬಿಟ್ಟಿಲ್ಲ, ಕೇಳೋದು, ಬರೆಯೋದು, ಓದಿ ಹೇಳೋದು, ಅಷ್ಟೇ. ಗುಂಡಿ ಒತ್ತಿದಳು, ಕೋಣೆಯಲ್ಲಿ ಮೊಮ್ಮಗಳ ದನಿ, ಹಿಂದೆ ನಮ್ಮ ಅಡುಗೆಮನೆಯ ನಲ್ಲಿಯ ಸದ್ದು, ಬೀಗದ ಅಂಕಲ್ ಅಂಗಡಿಗೆ ಬಾಗಿಲೇ ಇಲ್ಲ, ಅಳಿಸು, ಚೆನ್ನಾಗಿಲ್ಲ. ಯಂತ್ರದ ದನಿ, ಹೆಂಗಸಿನದೂ ಅಲ್ಲ ಗಂಡಸಿನದೂ ಅಲ್ಲ ಎನ್ನುವಂಥ ಮೆತ್ತನೆಯ ದನಿ, ಸರಿ, ಅಳಿಸಿದೆ, ಮತ್ತೆ ಹೇಳು, ಕೇಳ್ತಾ ಇದ್ದೀನಿ. ಬೀಗದ ಅಂಕಲ್ ಎಲ್ಲಾ ಬಾಗಿಲು ತೆಗೀತಾರೆ ಆದ್ರೆ ಅವರಿಗೇ ಬಾಗಿಲಿಲ್ಲ, ಅಳಿಸು ಅಳಿಸು. ಸರಿ, ಅಳಿಸಿದೆ, ಮತ್ತೆ ಹೇಳು, ಕೇಳ್ತಾ ಇದ್ದೀನಿ. ಹದಿನಾಲ್ಕು ಸಲ. ನಾನು ಎಣಿಸಿದೆ, ಎಣಿಸುವುದು ನನ್ನ ಕಸುಬಲ್ಲವೇ, ಹದಿನಾಲ್ಕನೆಯ ಸಲವೂ ಯಂತ್ರದ ದನಿ ಮೊದಲ ಸಲದ್ದೇ, ಉಸಿರು ಬಿಗಿಯಲಿಲ್ಲ, ನಿಟ್ಟುಸಿರು ಬರಲಿಲ್ಲ, ಮೇಜು ಕುಟ್ಟಲಿಲ್ಲ, ಅದಕ್ಕೆ ಬೇಸರವೆಂಬುದೇ ಇಲ್ಲ, ಇಲ್ಲದ ಬೇಸರವನ್ನು ಗೆದ್ದರೆ ಅದೇನು ದೊಡ್ಡದು ಎಂದು ನನ್ನೊಳಗಿನ ಮೇಷ್ಟ್ರು ವಾದಕ್ಕೆ ಎದ್ದುನಿಂತ, ಕೂತುಕೋ ಎಂದೆ ಅವನಿಗೆ, ಇತ್ತಲ್ಲ ನಿನಗೆ ಬೇಸರ, ಗೆದ್ದೆಯಾ. ಆಮೇಲೆ ಆ ಧ್ವನಿಮುದ್ರಣದಲ್ಲಿ ನಲ್ಲಿಯ ಸದ್ದು ನಿಂತಿತು, ಮಗು ತನ್ನಷ್ಟಕ್ಕೆ ಗುನುಗಿತು, ಅಜ್ಜ ಆಗಿದ್ರೆ ಹೇಗೆ ಹೇಳ್ತಿದ್ರು, ಅಜ್ಜ ಮೊದಲು ದೊಡ್ಡದನ್ನ ಹೇಳ್ತಾರೆ, ಆಮೇಲೆ ಆಗಿದ್ದರೂ ಅಂತ ನಿಲ್ಲಿಸ್ತಾರೆ, ಎಲ್ಲರೂ ಕಾಯ್ತಾರೆ, ಆಮೇಲೆ ಸಣ್ಣದನ್ನ ಹೇಳ್ತಾರೆ — ಹಾಂ ಪಾಟಿ, ಬರ್ಕೋ, ಬೀಗ ರಿಪೇರಿಯವನು ಲೋಕದ ಎಲ್ಲ ಬಾಗಿಲುಗಳನ್ನೂ ತೆರೆಯಬಲ್ಲವನಾಗಿದ್ದರೂ... ನಡುಮನೆಯಲ್ಲಿ ಕಟ್ಟು ಹಾಕಿಸಿದ ಆ ಸುದ್ದಿಯ ಕೆಳಗೆ ಕುಳಿತು ಬಂದವರಿಗೆಲ್ಲ ನಾನು ಕಥೆ ಹೇಳುವಾಗ ಈ ಮಗು ಬಾಗಿಲ ಬಳಿ ಮಣಿ ಪೋಣಿಸುತ್ತ ಕೂತಿರುತ್ತಿತ್ತು, ಕಣ್ಣಿನಿಂದ ಬಾರದ್ದನ್ನೆಲ್ಲ ಕಿವಿಯಿಂದ ತುಂಬಿಕೊಳ್ಳುತ್ತಿತ್ತು, ನನ್ನ ನಲವತ್ತು ವರ್ಷದ ಪಾಠವನ್ನು ಒಂದಕ್ಷರ ಓದದೆ ಕಲಿತ ಏಕೈಕ ಶಿಷ್ಯೆ, ಅವಳ ಬಾಯಿಂದ ಬಂದ ನನ್ನ ಧಾಟಿಯ ವಾಕ್ಯವನ್ನು ಓದಿ ನಾನು ಯಂತ್ರ ಯಂತ್ರ ಎಂದು ಕೂಗಿದೆ. ಇನ್ನೊಂದು ತಮಾಷೆ ಕೇಳಿ, ಎನ್ನುತ್ತಿದ್ದಾಳೆ ಶಿಕ್ಷಕಿ, ಈ ಪತ್ತೆ ಮಾಡೋ ಆ್ಯಪುಗಳನ್ನ ನಂಬೋ ಹಾಗಿಲ್ಲ, ಈ ಹಿತೈಷಿಗಳ ಪತ್ರವನ್ನೇ ಹಾಕಿ ನೋಡಿದೆ, ತೊಂಬತ್ತಾರು ಪರ್ಸೆಂಟ್ ಮಷೀನು ಅಂತು. ಮಗಳು ನಕ್ಕಳು, ಮೊಮ್ಮಗಳು ನಕ್ಕಳು, ಶಿಕ್ಷಕಿ ಮಾತ್ರ ನಗದೆ ಪತ್ರವನ್ನು ಮಡಿಸಿ, ಯಾರತ್ತಲೂ ನೋಡದೆ, ಕಡತದ ತಳಕ್ಕೆ ಸೇರಿಸಿದಳು, ಒಳಬರುವಾಗ ಸಂದರ್ಶಕರ ಪುಸ್ತಕದಲ್ಲಿ ನಾನು ಬರೆದ ನಾಲ್ಕು ಸಾಲು ಅವಳ ಮುಂದೆಯೇ ತೆರೆದು ಬಿದ್ದಿತ್ತು, ಅದೇ ಕೈಬರಹ, ಅವಳಿಗೆ ಗೊತ್ತಾಗಿದೆ, ಗೊತ್ತಾಗಿಯೂ ನನ್ನನ್ನು ಬಿಟ್ಟುಕೊಡುತ್ತಿಲ್ಲ, ಆ ಕರುಣೆ ಮೈಮೇಲೆ ಬಿಸಿನೀರಿನ ಹಾಗೆ ಬಿತ್ತು.

ನಾನೇ ಬರೆದದ್ದು, ಎಂದೆ. ಸಣ್ಣ ವಾಕ್ಯ. ನಿಲುಗಡೆಯಿಲ್ಲ, ಅಲಂಕಾರವಿಲ್ಲ, ನನ್ನ ಬಾಯಿಂದ ಅಷ್ಟು ಸಣ್ಣ ವಾಕ್ಯ ಎಂದಾದರೂ ಬಂದಿತ್ತೇ. ಮಗಳು ಮೊದಲು ಅರ್ಥವಾಗದವಳಂತೆ ನೋಡಿದಳು, ಆಮೇಲೆ ಅರ್ಥವಾಯಿತು, ಅರ್ಥವಾದದ್ದನ್ನು ನಾನು ಅವಳ ಮುಖದಲ್ಲಿ ಹಂತಹಂತವಾಗಿ ಓದಿದೆ, ಓದುವುದರಲ್ಲಿ ನಾನು ನಿಪುಣನಲ್ಲವೇ. ಬೈಯಲಿಲ್ಲ. ನಿಲುವಂಗಿಯ ಗುಂಡಿಯನ್ನು ಬಿಚ್ಚಿದಳು, ಮತ್ತೆ ಹಾಕಿದಳು, ಅಪ್ಪ, ಒಂದು ಮಾತು ನನ್ನನ್ನ ಕೇಳಬಹುದಿತ್ತು, ಎಂದಳು, ಅಷ್ಟೇ, ವಿಚಾರಣೆ ಮುಗಿಯಿತೆಂದು ಶಿಕ್ಷಕಿ ಮರಳಿಸಿದ ಪಾಟಿಯನ್ನು ಪಡೆದದ್ದಕ್ಕೆ ಪುಸ್ತಕದಲ್ಲಿ ಸಹಿ ಹಾಕಿದಳು, ನಾನು ವಾಪಸ್ ಡ್ಯೂಟಿಗೆ ಹೋಗ್ಬೇಕು, ಇವಳನ್ನ ಮನೆಗೆ ಕರ್ಕೊಂಡು ಹೋಗ್ತೀರಲ್ಲ, ಎಂದು ಕೇಳಿದಳು, ಕರ್ಕೊಂಡು ಹೋಗ್ತೀರಲ್ಲ ಎಂಬುದರಲ್ಲಿ ಒಂದು ಪ್ರಶ್ನೆಯಿತ್ತು, ಮೊದಲು ಎಂದೂ ಇರದಿದ್ದದ್ದು, ಇಷ್ಟನ್ನಾದರೂ ನಿಮ್ಮನ್ನು ನಂಬಬಹುದೇ ಎಂಬಂತೆ. ಮೊಮ್ಮಗಳೊಡನೆ ಹೊರಬಂದೆ, ಹಸಿರು ಗೋಡೆಗೆ ಕೈ ತಾಗಿಸಿಕೊಂಡೇ ನಡೆದೆ, ಮಕ್ಕಳು ಕೊಳೆ ಮಾಡುವ ಎತ್ತರದಲ್ಲಿ.

ಬಸ್ ತಂಗುದಾಣದ ಕಬ್ಬಿಣದ ಬೆಂಚು, ಮಧ್ಯಾಹ್ನದ ಬಿಸಿಲು ಅದರ ರಂಧ್ರಗಳ ಮೂಲಕ ನೆಲದ ಮೇಲೆ ಚುಕ್ಕೆ ಇಟ್ಟಿದೆ, ಮೊಮ್ಮಗಳು ತೊಡೆಯ ಮೇಲೆ ಪಾಟಿಯನ್ನು ಇಟ್ಟುಕೊಂಡು ಎರಡೂ ಕೈಯಿಂದ ಅಪ್ಪಿದ್ದಾಳೆ, ಅಜ್ಜಾ, ಯಾಕೆ ಬರೆದ್ರಿ. ಸುಳ್ಳು ಹೇಳಲು ನಾಲಗೆ ಏಳಲಿಲ್ಲ, ತುಂಬಾ ಚೆನ್ನಾಗಿತ್ತು, ಅದಕ್ಕೆ, ಎಂದೆ. ಅಷ್ಟು ಚೆನ್ನಾಗಿತ್ತಾ, ಎಂದು ಕಣ್ಣರಳಿಸಿದಳು, ಅಷ್ಟು ಚೆನ್ನಾಗಿದ್ರೆ ಬೈಯ್ಯೋದಾ ಅಜ್ಜಾ, ನಿಮಗೆ ತಲೆ ಸರಿ ಇದೆಯಾ. ಇಲ್ಲ ಪುಟ್ಟಾ, ಎಂದೆ, ಮಗು ನಕ್ಕಿತು, ಮಕ್ಕಳು ಎಷ್ಟು ಬೇಗ ನಗುತ್ತವೆ, ಅವಳೂ ನಗುತ್ತಿದ್ದಳು, ಬೇಡ, ಅತ್ತ ಬೇಡ, ಆದರೆ ಮನಸ್ಸಿಗೆ ಈಗ ಬೇಲಿ ಉಳಿದಿಲ್ಲ, ಅವಳೂ ನಗುತ್ತಿದ್ದಳು, ಕಿಟಕಿಯ ಪಕ್ಕದವಳು, ನನ್ನ ತರಗತಿಯಲ್ಲಿ ಆ ವರ್ಷ ಇದ್ದದ್ದು ನಲವತ್ತೆರಡು ಮಂದಿ. ನಲವತ್ತೆರಡು. ಹಲಗೆಯ ಮೇಲೆ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ಪರೀಕ್ಷೆಗೆ ಕುಳಿತವರು ಎಂದೇ ಬರೆದೆ, ಎಷ್ಟು ಎಚ್ಚರದ ವಾಕ್ಯ. ದರ್ಜಿಯ ಮಗಳು ಅವಳು, ನಾನು ಒಮ್ಮೆ ಹೇಳಿದ ಪಾಠವನ್ನು ಮರುದಿನ ನನಗೇ ಒಪ್ಪಿಸುತ್ತಿದ್ದಳು, ನನ್ನ ಕೆಮ್ಮು ಸಮೇತ, ತರಗತಿಯೆಲ್ಲ ಬಿದ್ದು ಬಿದ್ದು ನಗುತ್ತಿತ್ತು, ಆದರೆ ಪುಸ್ತಕ ಕೈಗೆ ಕೊಟ್ಟರೆ ಕಲ್ಲು. ಪರೀಕ್ಷೆಯ ಅರ್ಜಿಗಳನ್ನು ಕಳುಹಿಸುವ ದಿನ ಅವಳ ತಂದೆಯನ್ನು ಕರೆಸಿದೆ, ಕುತ್ತಿಗೆಗೆ ಅಳತೆಯ ಟೇಪನ್ನು ಹಾಕಿಕೊಂಡೇ ಓಡಿಬಂದಿದ್ದ, ಮೇಷ್ಟ್ರೇ, ಏನಾದ್ರೂ ತಪ್ಪು ಮಾಡಿದ್ಳಾ. ತಪ್ಪೇನಿಲ್ಲ, ಈ ವರ್ಷ ಬೇಡ, ಮುಂದಿನ ವರ್ಷ ಕೂರಿಸೋಣ, ಎಂದೆ. ಅವಳಿಗೆ ಎಲ್ಲಾ ಬಾಯಿಗೆ ಬರ್ತದಲ್ಲ ಮೇಷ್ಟ್ರೇ, ಎಂದ. ಬಾಯಿ ಪರೀಕ್ಷೆ ಬರೆಯುತ್ತದೆಯೇ, ಎಂದು ಕೇಳಿದೆ ನಾನು, ಪುಸ್ತಕವನ್ನು ತೆರೆದು ಅವಳ ಮುಂದೆ ಹಿಡಿದೆ, ಓದು, ಒಂದೇ ಒಂದು ಸಾಲು, ನಿಮ್ಮಪ್ಪ ಕೇಳಲಿ. ಅವಳು ಮೊದಲ ಪದದ ಕೆಳಗೆ ತೋರುಬೆರಳನ್ನು ಇಟ್ಟಳು. ಒತ್ತಿದಳು. ಅಕ್ಷರ ಓಡಿಹೋಗದಂತೆ ಅದುಮಿ ಹಿಡಿಯುವವಳ ಹಾಗೆ ಒತ್ತಿದಳು, ಉಗುರಿನ ಕೆಳಗಿನ ರಕ್ತ ಹಿಂದೆ ಸರಿದು ಉಗುರು ಬೆಳ್ಳಗಾಯಿತು, ತುಟಿ ಅಲುಗಿತು, ಸದ್ದು ಬರಲಿಲ್ಲ, ಒಂದು ನಿಮಿಷ, ಎರಡು ನಿಮಿಷ, ಬಿಳಿ ಉಗುರು, ನಾನು ಗಡಿಯಾರ ನೋಡಿದೆ, ನೋಡಿದ್ರಾ, ಎಂದೆ ಅವಳ ತಂದೆಗೆ. ಆತ ಮಗಳ ಕೈಯನ್ನು ಪುಸ್ತಕದ ಮೇಲಿನಿಂದ ಮೆಲ್ಲಗೆ ಎತ್ತಿಕೊಂಡ, ಬಟ್ಟೆಯಿಂದ ಗುಂಡುಸೂಜಿ ತೆಗೆಯುವಷ್ಟು ಮೆಲ್ಲಗೆ. ಅರ್ಜಿಯನ್ನು ಮೇಜಿನ ಖಾನೆಯಲ್ಲಿ ಹಾಕಿದೆ, ಮುಂದಿನ ವರ್ಷ ಅವಳು ಬರಲಿಲ್ಲ, ನಾನು ಕೇಳಿ ಕಳುಹಿಸಲಿಲ್ಲ, ಹಲಗೆ ಬರೆಯುವುದರಲ್ಲಿದ್ದೆ.

ಅಜ್ಜಾ, ಎಲ್ಲಿದ್ದೀರಿ, ಎಂದು ಮೊಣಕೈಯಿಂದ ತಿವಿಯುತ್ತಾಳೆ, ಬಸ್ಸೊಂದು ಬಂದು ನಿಂತು ನಮ್ಮದಲ್ಲವೆಂದು ಹೊರಟುಹೋಯಿತು, ಹೊಸ ಪ್ರಬಂಧ ಕೊಟ್ಟಿದ್ದಾರೆ ಗೊತ್ತಾ, ನಮ್ಮ ಮನೆಯವರ ಸಾಧನೆ ಅಂತ, ನಾನು ನಿಮ್ಮ ನಲವತ್ತೊಂದರ ಕಥೇನೇ ಹೇಳೋದು, ನನಗೆ ಪೂರ್ತಿ ಬಾಯಿಗೆ ಬರುತ್ತೆ, ಆದ್ರೂ ನೀವೇ ಹೇಳಿ, ನಿಲ್ಲಿಸೋ ಜಾಗ ಎಲ್ಲ ಸರಿಯಾಗಿ ಬರ್ಬೇಕು, ಪಾಟಿ ಕೇಳಿಸ್ಕೊಳ್ಳುತ್ತೆ. ಬೇಡ ಪುಟ್ಟಾ, ಇವತ್ತು ಬೇಡ. ಅಯ್ಯೋ, ನೀವು ತಪ್ಪು ಮಾಡಿದೀರಿ, ಶಿಕ್ಷೆ ಇದು, ಹೇಳಲೇಬೇಕು. ಶಿಕ್ಷೆ. ಸರಿ, ಮೂವತ್ತೆಂಟು ವರ್ಷಗಳ ಹಿಂದೆ, ಎಂದು ಆರಂಭಿಸಿದೆ, ದನಿ ನನ್ನದೇ, ಹಳೆಯದೇ, ಮುಚ್ಚಿಹೋಗಬೇಕಾಗಿದ್ದ ಶಾಲೆಯೊಂದರಲ್ಲಿ, ಹತ್ತನ್ನು ದಾಟದ ಫಲಿತಾಂಶವೇ ವಾಡಿಕೆಯಾಗಿದ್ದರೂ, ಎಂದು ನಿಲ್ಲಿಸಿದೆ, ಮಗು ಕಣ್ಣು ಮುಚ್ಚಿ ಆ ನಿಲುಗಡೆಯನ್ನು ಸವಿಯುತ್ತಿದೆ, ಮುಂದಿನ ಮಾತು ಬರಬೇಕು, ಸಾವಿರ ಸಲ ಬಂದಿದೆ, ನಲವತ್ತ — ನಲವತ್ತೆರಡು ಮಂದಿ ಇದ್ದರು, ಎಂದಿತು ನನ್ನ ಬಾಯಿ. ನಲವತ್ತೊಂದಲ್ವಾ, ಎಂದು ಕಣ್ಣು ಬಿಟ್ಟಳು, ತಪ್ಪಿದ್ರಿ ಅಜ್ಜಾ, ನೀವೂ ತಪ್ತೀರಾ, ತಾಳಿ, ಅಳಿಸ್ತೀನಿ. ಅಳಿಸಬೇಡ, ಎನ್ನಬೇಕು, ಅದೊಂದನ್ನು ಅಳಿಸಬೇಡ ಪುಟ್ಟಾ, ಮೂವತ್ತೆಂಟು ವರ್ಷ ನಾನೇ ಅಳಿಸಿದ್ದೇನೆ, ಗಂಟಲು ಆ ವರ್ಷದ ಹಾಗೆಯೇ ಬಿದ್ದುಹೋಗಿದೆ, ಅವಳು ಪಾಟಿಯನ್ನು ನನ್ನ ಬಾಯಿಯ ಹತ್ತಿರ ತಂದಳು, ಕೆಂಪು ಗುಂಡಿಯ ಮೇಲೆ ತೋರುಬೆರಳಿಟ್ಟು, ನನ್ನ ಮಾತು ಓಡಿಹೋಗದಂತೆ ಗಟ್ಟಿಯಾಗಿ ಅದುಮಿ ಹಿಡಿದಳು, ಮತ್ತೆ ಹೇಳಿ ಅಜ್ಜಾ, ಮೊದಲಿಂದ ಹೇಳಿ, ಕೇಳ್ತಾ ಇದ್ದೀನಿ — ಒತ್ತಿದ ಬೆರಳು, ಬೆರಳಿನ ತುದಿಯಲ್ಲಿ ಉಗುರು, ಉಗುರು ಬೆಳ್ಳಗೆ